ನಾಲ್ಕನೆಯ ತೊಲೆ

ಚಿತ್ರದುರ್ಗದ ಹತ್ತಿ ಜಿನ್ನಿನ ಮಣ್ಣಿನ ಮಾಳಿಗೆ ಬಿಚ್ಚಿ ಕಬ್ಬಿಣದ ತಗಡು ಹೊದಿಸುವ ಕೆಲಸವನ್ನು ನನಗೆ ಒಪ್ಪಿಸುವಾಗ ಸಾವ್ಕಾರರು ಹಾಕಿದ ಷರತ್ತು ಒಂದೇ. "ಮ್ಯಾಲೆ ನೀವು ಏನಾರ ಮಾಡ್ಕಳ್ರಿ. ಕೆಳಗೆ ಜಿನ್ನು ನಿಲ್ಲಬಾರ್ದು."

ಅದು ಹತ್ತಿಯ ಕಾಲ. ಹಿರಿಯೂರಿನ ಕರಿಮಣ್ಣಿನ ಸೀಮೆಯಿಂದ ಬಂದ ಗಾಡಿಗಳು ಬೆಳಗಾಗುವ ಮುಂಚೆಯೇ ಅಂಗಳ ತುಂಬುತ್ತಿದ್ದವು. ಕಟ್ಟಡವೆಂದರೆ ಸಾವ್ಕಾರರ ತಾತನ ಕಾಲದ ಕಾಳಿನ ಮಂಡಿ. ಉದ್ದಕ್ಕೆ ಎಂಟು ಅಂಕಣ. ಗೋಡೆಯಿಂದ ಗೋಡೆಗೆ ದಪ್ಪ ತೊಲೆಗಳು, ತೊಲೆಯಿಂದ ತೊಲೆಗೆ ಜಂತೆ, ಜಂತೆಯ ಮೇಲೆ ಬಿದಿರಿನ ದಬ್ಬೆ ಮತ್ತು ಸೊಪ್ಪು, ಅದರ ಮೇಲೆ ಚೌಳು ಮಣ್ಣು. ಕೆಳಗೆ, ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನುಗಳು ಎರಡು ಸಾಲಾಗಿ ಇದ್ದವು. ಹೊರಗಿನ ಉಗಿಯಂತ್ರ ಗೋಡೆಗುಂಟ ಹಾಯ್ದ ಉದ್ದನೆಯ ಕಬ್ಬಿಣದ ಅಚ್ಚನ್ನು ತಿರುಗಿಸುತ್ತಿತ್ತು. ಅಚ್ಚಿನಿಂದ ಒಂದೊಂದು ಜಿನ್ನಿಗೂ ಒಂದೊಂದು ತೊಗಲಿನ ಪಟ್ಟಿ. ಪ್ರತಿಯೊಂದು ಜಿನ್ನಿನ ಮುಂದೆಯೂ ಒಬ್ಬ ಹೆಂಗಸು ಕೂತು ಅದಕ್ಕೆ ಹತ್ತಿ ಉಣಿಸುತ್ತಿದ್ದಳು.

ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಚೌಳು ಮಣ್ಣು ಹಾಕಿ ಬಡಿಯುವುದು ವಾಡಿಕೆ. ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಹೊಸದು ಅದರ ಮೇಲೆಯೇ ಕೂರುತ್ತದೆ. ಹೀಗೆ ಮೂರು ತಲೆಮಾರು ಹಾಕಿದ ಮಣ್ಣು ಮಂಡಿಯ ಮೇಲೆ ಮೊಣಕಾಲೆತ್ತರಕ್ಕೆ ಬೆಳೆದಿತ್ತು. ತೊಲೆಗಳು ನಡುವಿನಲ್ಲಿ ಜಗ್ಗಿದ್ದವು. ಅಷ್ಟು ದಪ್ಪವಿದ್ದರೂ ಹೋದ ಮಳೆಗಾಲದಲ್ಲಿ ಸೋರಿ ಅರಳೆಯ ರಾಶಿ ಕಂದಿತ್ತು. ಇನ್ನೊಂದು ಪದರ ಹಾಕುವ ಬದಲು ಎಲ್ಲವನ್ನೂ ತೆಗೆದುಬಿಡೋಣ ಎಂದು ಸಾವ್ಕಾರರಿಗೆ ಹೇಳಿದವನು ನಾನು. ಬೆಂಗಳೂರಿನ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಬಂದು ಅವರ ಜಿನ್ನಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ನನ್ನ ಮಾತನ್ನು ಅವರು ಒಪ್ಪಿದರು. ಬೊಂಬಾಯಿಯಿಂದ ತಗಡನ್ನೂ, ತಗಡು ಹೊರುವ ಕಬ್ಬಿಣದ ಚೌಕಟ್ಟುಗಳನ್ನೂ ತರಿಸಿದರು.

ಕೆಳಗೆ ಜನ ಕೂತಿರುವಾಗ ಮೇಲೆ ಸೂರು ಬಿಚ್ಚುವುದಕ್ಕೆ ಒಂದು ಕ್ರಮ ಬೇಕು. ಅದನ್ನು ನಾನೇ ಯೋಚಿಸಿ ಮಾಡಿದ್ದೆ. ಒಂದು ಸಲಕ್ಕೆ ಒಂದೇ ಅಂಕಣ. ಆ ಅಂಕಣದ ಜಿನ್ನುಗಳ ಪಟ್ಟಿ ಕಳಚಿ, ಹೆಂಗಸರನ್ನು ಬೇರೆ ಜಿನ್ನುಗಳಿಗೆ ಜೊತೆಮಾಡುವುದು. ಎರಡೂ ಪಕ್ಕಕ್ಕೆ ಗೋಣಿ ಹೊಲಿದ ಪರದೆ ಇಳಿಬಿಡುವುದು, ಅರಳೆಗೆ ಧೂಳು ಹೋಗಬಾರದು. ಕುಲುಮೆ ಬಾವಿಯ ಆಚೆಗೇ ಇರಬೇಕು. ಬೀಡಿ ಕಂಡರೆ ಆ ದಿನದ ಕೆಲಸ ಇಲ್ಲ. ತೆಗೆದ ಮಣ್ಣು ಮಾಳಿಗೆಯ ಮೇಲೆ ನಿಲ್ಲಬಾರದು. ಮಂಕರಿಯಲ್ಲಿ ಹಿತ್ತಿಲ ಕಡೆಗೆ ಇಳಿದು ಅಂದೇ ಆಚೆ ಹೋಗಬೇಕು. ಮೊದಲ ಅಂಕಣ ಹೀಗೆ ಬಿಚ್ಚಿತು. ಒಂದು ಹಿಡಿ ಮಣ್ಣು ಅರಳೆಯ ಮೇಲೆ ಬೀಳಲಿಲ್ಲ. ಸಾವ್ಕಾರರು ತಲೆಯೆತ್ತಿ ಆಕಾಶ ನೋಡಿ, "ಪರವಾಗಿಲ್ಲ ರೈಟ್ರೆ, ಓದಿದ್ದು ದಂಡ ಆಗಲಿಲ್ಲ" ಅಂದರು. ಆ ಮಾತನ್ನು ನಾನು ಒಂದು ವಾರ ಮನಸ್ಸಿನಲ್ಲಿ ಇಟ್ಟುಕೊಂಡು ತಿರುಗಿದೆ.

ತೊಡಕಾದದ್ದು ಚೌಕಟ್ಟು ಬಂದ ಮೇಲೆ. ಹೊಳಲ್ಕೆರೆ ಸ್ಟೇಷನ್ನಿನಿಂದ ಅವು ಗಾಡಿಯ ಮೇಲೆ ಬಂದವು. ಎತ್ತಿ ಕೂರಿಸಲು ನೋಡಿದರೆ ಅವುಗಳ ಪಾದದ ತೂತುಗಳಿಗೂ ನಮ್ಮ ಗೋಡೆಯಲ್ಲಿ ಹುಗಿದ ಮೊಳೆಗಳಿಗೂ ಮೂರು ಬೆರಳು ವ್ಯತ್ಯಾಸ. ಗೋಡೆ ಒಡೆಯಬೇಕೋ, ಕಬ್ಬಿಣ ಕೊರೆಯಬೇಕೋ ನನಗೆ ತಿಳಿಯಲಿಲ್ಲ. ಎರಡು ದಿನ ನಾನು ಕಾಗದದ ಮೇಲೆ ಗೆರೆ ಎಳೆಯುತ್ತಾ ಕೂತಿದ್ದಾಗ ಸಾವ್ಕಾರರು ನನಗೆ ಹೇಳದೆ ಮೈಸೂರಿಗೆ ತಂತಿ ಕೊಟ್ಟು ಒಬ್ಬ ಇಂಜಿನಿಯರನ್ನು ಕರೆಸಿದರು.

ಟಾಂಗಾದಿಂದ ಇಳಿದವನನ್ನು ನೋಡಿ ನಾನು ಗೆರೆ ಎಳೆದ ಕಾಗದವನ್ನು ಮಡಚಿ ಜೇಬಿಗೆ ಸೇರಿಸಿದೆ. ಬೆಂಗಳೂರಿನ ಹಾಸ್ಟೆಲಿನಲ್ಲಿ ನಮ್ಮಿಬ್ಬರ ಕೋಣೆಗಳು ಎದುರುಬದುರು. ಗಣಿತದಲ್ಲಿ ನಾನು ಅವನಿಗಿಂತ ಮುಂದಿದ್ದೆ. ಆದರೆ ಪೂನಾಕ್ಕೆ ಕಳಿಸಿ ಇಂಜಿನಿಯರಿಂಗ್ ಓದಿಸುವ ಸೋದರಮಾವ ಅವನಿಗಿದ್ದ. ಈಗ ಮಹಾರಾಜರ ಸರ್ಕಾರದ, ರಸ್ತೆ ಕಟ್ಟಡ ನೋಡಿಕೊಳ್ಳುವ ಮರಾಮತ್ ಇಲಾಖೆಯಲ್ಲಿ ಕೆಲಸಕ್ಕೆ ಕಾಯುತ್ತಿದ್ದ. ನನ್ನನ್ನು ಕಂಡು ಅವನಿಗೆ ನಿಜವಾಗಿಯೂ ಸಂತೋಷವಾಯಿತು. "ನೀನಿಲ್ಲಿದ್ದೀಯಾ? ಹಾಗಾದರೆ ನನಗೇನು ಕೆಲಸ ಉಳಿದಿದೆಯೋ" ಎಂದು ಭುಜ ತಟ್ಟಿದ. ಮಧ್ಯಾಹ್ನದ ಹೊತ್ತಿಗೆ ಪಾದಗಳಿಗೆ ಉದ್ದ ಸೀಳುತೂತು ಕೊರೆಸಿ, ಅಡಿಗೆ ದಪ್ಪ ಕಬ್ಬಿಣದ ಬಿಲ್ಲೆ ಇಡಿಸಿ, ಮೊದಲ ಚೌಕಟ್ಟನ್ನು ನಿಲ್ಲಿಸಿಬಿಟ್ಟಿದ್ದ. ನನ್ನ ಕಾಗದವನ್ನು ಅವನು ಕೇಳಲೇ ಇಲ್ಲ. ಕೇಳಿ ತಪ್ಪು ತೋರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಮಾರನೆಯ ದಿನದಿಂದ ನನ್ನ ಹತ್ತಿರ ಯಾರೂ ಬರಲಿಲ್ಲ. "ಪರದೆ ಎಲ್ಲಿ ಕಟ್ಟಾಣ?" ಎಂದು ನನ್ನನ್ನು ಕೇಳುತ್ತಿದ್ದ ಮೇಸ್ತ್ರಿ ಈಗ ನನ್ನ ಮುಂದೆಯೇ ಹಾದುಹೋಗಿ ಅವನನ್ನು ಕೇಳುತ್ತಿದ್ದ. ನಾನು ಏನಾದರೂ ಹೇಳಿದರೆ ಆಳುಗಳು ಮಂಕರಿ ಹಿಡಿದು ನಿಂತು, "ಇಂಜಿನೇರ್ರು ಏನಂದ್ರು ರೈಟ್ರೆ?" ಎನ್ನುತ್ತಿದ್ದರು. ಹತ್ತಿ ಉಣಿಸುವ ಹೆಂಗಸರ ಹೆಸರನ್ನೆಲ್ಲ ಅವನು ನಾಲ್ಕು ದಿನದಲ್ಲಿ ಕಲಿತ. ವರ್ಷವಾದರೂ ನನಗೆ ಅರ್ಧ ಬರುತ್ತಿರಲಿಲ್ಲ. ಸಾವ್ಕಾರರ ಮನೆಯಿಂದ ಮಧ್ಯಾಹ್ನಕ್ಕೆ ನಮ್ಮಿಬ್ಬರಿಗೂ ಕುಡಿಯಲು ಬರುತ್ತಿತ್ತು. ಅವನಿಗೆ ಕೆನೆಹಾಲು, ನನಗೆ ಮಜ್ಜಿಗೆ. ಅವನು ತನ್ನ ಲೋಟವನ್ನು ನನ್ನ ಕಡೆಗೆ ಸರಿಸಿ, "ನನಗೆ ಹಾಲು ಆಗಿಬರುವುದಿಲ್ಲ, ನೀನು ಕುಡಿ" ಅನ್ನುತ್ತಿದ್ದ. ಹಾಸ್ಟೆಲಿನಲ್ಲಿ ಅವನು ಹಾಲು ಕುಡಿಯುತ್ತಿದ್ದುದನ್ನು ನಾನೇ ನೋಡಿದ್ದೆ.

ನನ್ನ ಹೊಟ್ಟೆಯ ಉರಿ ಮುಖದ ಮೇಲೆ ಕಾಣುತ್ತಿತ್ತೆಂದು ತೋರುತ್ತದೆ. ಜಿನ್ನಿನ ಹೆಂಗಸರಲ್ಲಿ ಹಿರಿಯಳಾದ ಒಬ್ಬ ಅಜ್ಜಿ ಒಂದು ದಿನ, "ಯಾಕಪ್ಪ, ಮನೆಗೆ ಸವತಿ ಬಂದಂಗೆ ಮುಖ ಮಾಡ್ಕಂಡು ತಿರುಗ್ತಿಯಲ್ಲ" ಎಂದಾಗ ಸಾಲಿಗೆ ಸಾಲೇ ನಕ್ಕಿತು.

ಮಣ್ಣಿನ ವಿಚಾರ ಬಂದದ್ದು ಆಗ. ಹಳೆಯ ಮಾಳಿಗೆಯ ಚೌಳು ಮಣ್ಣೆಂದರೆ ನಮ್ಮ ಜನಕ್ಕೆ ಬೆಲೆಯುಳ್ಳ ಸಾಮಾನು. ಮಳೆ ಬಿಸಿಲು ಕಂಡು ಪಳಗಿದ ಮಣ್ಣು ಸೋರುವುದಿಲ್ಲವೆಂಬ ನಂಬಿಕೆ. ಮಳೆಗಾಲ ಹತ್ತಿರ ಬರುತ್ತಿತ್ತು. ಕೂಲಿಯವರಿಗೆಲ್ಲ ಅವರವರ ಮನೆ ಮಾಳಿಗೆಗೆ ಮಣ್ಣು ಬೇಕಾಗಿತ್ತು. ನನ್ನನ್ನು ಕೇಳಿದ್ದಾಗ ನಾನು, ಹಿತ್ತಿಲಿಂದ ಯಾರು ಬೇಕಾದರೂ ಒಯ್ಯಲಿ, ಆದರೆ ಮೇಲೆ ಇಡಬೇಡಿ ಎಂದಿದ್ದೆ. ಹಿತ್ತಿಲಲ್ಲಿ ಸುರಿದರೆ ಅದು ಕಲ್ಲು ಕಸದ ಜೊತೆ ಬೆರೆತು ಕೆಡುತ್ತದೆ ಎಂದು ಮೇಸ್ತ್ರಿಯ ದೂರು. ಅವನು ಈಗ ಇಂಜಿನಿಯರನ್ನು ಕೇಳಿದ.

"ಮಣ್ಣು ಕೆಳಗಿಳಿಸೋದ್ರಲ್ಲೇ ಅರ್ಧ ಹೊತ್ತು ಹೋಗ್ತೈತ್ರಿ. ಪಕ್ಕದ ಅಂಕಣದ ಮ್ಯಾಲೆ ಗುಡ್ಡೆ ಹಾಕಿದ್ರೆ ಸಂತೆ ದಿವ್ಸ ಗಾಡಿ ತಂದು ಒಂದೇ ಸಲಕ್ಕೆ ಒಯ್ತಿವಿ."

ಇಂಜಿನಿಯರು ಮಾಳಿಗೆ ಹತ್ತಿ ನೋಡಿದ. ಜಂತೆಯ ಮೇಲೆ ಬೇಡ, ತೊಲೆಯ ನೇರಕ್ಕೆ ಸಾಲಾಗಿ ಹಾಕಿ ಎಂದ. ಒಣಮಣ್ಣಿನ ತೂಕ, ತೊಲೆಯ ದಪ್ಪ ಎಲ್ಲವನ್ನೂ ಲೆಕ್ಕ ಹಾಕಿ ನನಗೆ ತೋರಿಸಿದ. ಲೆಕ್ಕ ಸರಿಯಾಗಿತ್ತು. ಕೆಲಸವೂ ದುಪ್ಪಟ್ಟು ವೇಗದಲ್ಲಿ ಓಡಿತು. ಆಳುಗಳು ಅವನಿಗೆ ಕೈಮುಗಿದರು. ಮೂರನೆಯ ಅಂಕಣದ ಮಣ್ಣೆಲ್ಲ ನಾಲ್ಕನೆಯ ತೊಲೆಯ ಮೇಲೆ ಗೋಪುರದಂತೆ ಕೂತಿತು. ಅದರ ಕೆಳಗೆ ಜಿನ್ನುಗಳು ಎಂದಿನಂತೆ ನಡೆಯುತ್ತಿದ್ದವು.

ಸಂತೆಗೆ ಮುಂಚೆ ಒಂದು ಸಂಜೆ ಅಡ್ಡಮಳೆ ಬಂತು. ಚಂದ್ರವಳ್ಳಿಯ ಕಡೆಯ ಗುಡ್ಡದಿಂದ ಎದ್ದ ಗಾಳಿ ಮೊದಲು ಧೂಳನ್ನೂ ಆಮೇಲೆ ಮಳೆಯನ್ನೂ ತಂದಿತು. ಒಂದು ಗಳಿಗೆ ಜೋರಾಗಿ ಹೊಡೆದು ನಿಂತಿತು. ಹೊಸ ತಗಡಿನ ಕೆಳಗೆ ಒಂದು ಹನಿ ಸೋರಲಿಲ್ಲವೆಂದು ಸಾವ್ಕಾರರು ಇಂಜಿನಿಯರಿಗೆ ಎಲೆಅಡಿಕೆ ಕೊಟ್ಟರು.

ನಾನು ಬೆಳೆದದ್ದು ಹೊಸದುರ್ಗದ ಆಚೆ, ಮತ್ತೋಡಿನ ಹತ್ತಿರದ ಒಂದು ಹಳ್ಳಿಯ ಮಾಳಿಗೆ ಮನೆಯಲ್ಲಿ. ಬಡಿದು ಕೂರಿಸಿದ ಚೌಳು ಮಣ್ಣಿನ ಮೇಲೆ ನೀರು ಜಾರಿಹೋಗುತ್ತದೆ, ಸಡಿಲ ಮಣ್ಣು ನೀರನ್ನು ಕುಡಿದು ಇಟ್ಟುಕೊಳ್ಳುತ್ತದೆ. ಇದು ನನಗೆ ಲೆಕ್ಕದಿಂದ ಬಂದ ತಿಳುವಳಿಕೆಯಲ್ಲ. ಮಳೆಗೆ ಸಿಕ್ಕ ಮಣ್ಣಿನ ಗುಡ್ಡೆಯನ್ನು ಅಪ್ಪನ ಜೊತೆ ಎಳೆದು ಸುಸ್ತಾದ ತೋಳಿನಿಂದ ಬಂದದ್ದು. ಮೈಸೂರಿನ ಹೆಂಚಿನ ಮನೆಯಲ್ಲಿ ಬೆಳೆದ ಅವನಿಗೆ ಇದು ತಿಳಿಯುವ ದಾರಿಯಿರಲಿಲ್ಲ. ಬೆಳಿಗ್ಗೆ ನಾನೊಬ್ಬನೇ ಮಾಳಿಗೆ ಹತ್ತಿದೆ. ಬಿಸಿಲಿಗೆ ಗುಡ್ಡೆಯ ಮೇಲ್ಭಾಗ ಆಗಲೇ ಒಣಗಿ ಬಿರಿದಿತ್ತು. ಮೊಣಕೈವರೆಗೆ ಕೈ ಹೊಗಿಸಿದೆ. ಒಳಗೆ ಹಿಟ್ಟು ನಾದಿಟ್ಟ ಹಾಗೆ ತಣ್ಣಗೆ, ಭಾರವಾಗಿ ಅಂಟಿತು.

ಕೈ ತೊಳೆಯದೆ ಸಾವ್ಕಾರರ ಗದ್ದುಗೆಯ ಹತ್ತಿರ ಹೋದೆ. ತಮ್ಮ ಮಾಮೂಲಿನಂತೆ ವಿಭೂತಿ ಧರಿಸಿ ಕೂತಿದ್ದರು. ಮೇಸ್ತ್ರಿಯೂ ಅಲ್ಲಿದ್ದ. ನಾಲ್ಕನೆಯ ತೊಲೆಯ ಮೇಲಿನ ಮಣ್ಣು ನೆನೆದಿದೆ, ಭಾರ ಹೆಚ್ಚಾಗಿದೆ, ಅದರ ಕೆಳಗಿನ ಜಿನ್ನುಗಳನ್ನು ನಿಲ್ಲಿಸಬೇಕು ಎಂದೆ.

"ಇಂಜಿನೇರ್ರಿಗೆ ಹೇಳಿದಿರಾ?"

"ಇಲ್ಲ. ನಿಮಗೇ ಮೊದಲು ಹೇಳುತ್ತಿದ್ದೇನೆ."

ಸಾವ್ಕಾರರು ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ನೆಲ ನೋಡಿ ನಕ್ಕ. "ಕುಂತ್ಕಳ್ರಿ ರೈಟ್ರೆ," ಎಂದರು ಅವರು, ಮೆತ್ತಗೆ, ಮಗನಿಗೆ ಹೇಳುವ ಹಾಗೆ. "ನಾನೂ ನೋಡ್ತಾನೆ ಇದೀನಿ. ನಿಮಗೂ ಅವರಿಗೂ ಒಂದೇ ಕಾಲೇಜು. ಅವರು ಮ್ಯಾಲೆ ಹೋದ್ರು, ನೀವು ಇಲ್ಲೇ ಉಳಿದ್ರಿ. ಬ್ಯಾಸರ ಆಗ್ತೈತೆ, ಇಲ್ಲ ಅನ್ನಲ್ಲ. ಆದ್ರೆ ಹೊಟ್ಟೆಕಿಚ್ಚಿಗೆ ನನ್ನ ಜಿನ್ನು ನಿಲ್ಲಿಸಬ್ಯಾಡ್ರಿ."

ನಾನು ಹೊರಗೆ ಬಂದೆ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ನಾನು ಹೇಳಿದ್ದರಲ್ಲಿಯೂ ಇರಲಿಲ್ಲ. ಹೊಟ್ಟೆಕಿಚ್ಚಿನವನು ಹೇಳಿದ ನಿಜವನ್ನು ಯಾರು ನಂಬುತ್ತಾರೆ? ಜಿನ್ನಿನ ಬಾಗಿಲಲ್ಲಿ ನಿಂತು ನನ್ನನ್ನು ನಾನೇ ಕೇಳಿಕೊಂಡೆ: ಈ ತೊಲೆ ಬೀಳಬೇಕೆಂದು ನಾನು ಬಯಸುತ್ತಿದ್ದೇನೆಯೇ, ಬೀಳುತ್ತದೆಂದು ನನಗೆ ಗೊತ್ತಿದೆಯೇ? ಎರಡನ್ನೂ ಬೇರೆ ಮಾಡಲು ನನ್ನ ಕೈಲಾಗಲಿಲ್ಲ. ಹಾಗಾಗಿ ನನ್ನ ಮನಸ್ಸನ್ನು ಬಿಟ್ಟು ತೊಲೆಯನ್ನೇ ಕೇಳುವುದೆಂದು ನಿಶ್ಚಯಿಸಿದೆ.

ಏಣಿ ಹಾಕಿ ತೊಲೆಯ ಎರಡು ತುದಿಗಳಲ್ಲೂ ಗೋಡೆಗೆ ಮೊಳೆ ಹೊಡೆದು, ತೊಲೆಯ ಹೊಟ್ಟೆಯಿಂದ ಒಂದು ಬೆರಳು ಕೆಳಗೆ ನೂಲನ್ನು ಬಿಗಿಯಾಗಿ ಎಳೆದು ಕಟ್ಟಿದೆ. ಅಜ್ಜಿ ಕೂತಲ್ಲಿಂದಲೇ, "ಏನಪ್ಪ, ತೊಲೆಗೆ ಉಡಿದಾರ ಕಟ್ತಿಯ?" ಎಂದಳು. ಸುತ್ತಲಿದ್ದವರು ನಕ್ಕರು. ಆಮೇಲೆ ಅವಳೇ, "ಬೆಳಗ್ಗಿಂದ ನನ್ನ ಅರಳೆ ಮ್ಯಾಲೆ ಮಣ್ಣು ಉದುರ್ತೈತೆ, ನೋಡು" ಎಂದು ತೋರಿಸಿದಳು. ಬಿಳಿಯ ಅರಳೆಯ ಮೇಲೆ ಬೂದುಬಣ್ಣದ ಗೆರೆಯೊಂದು ತೊಲೆಯ ನೇರಕ್ಕೆ ಬಿದ್ದಿತ್ತು. ಕೊಡವಿದರೆ ಮತ್ತೆ ಅದೇ ಜಾಗದಲ್ಲಿ ಬೀಳುತ್ತಿತ್ತು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ತೊಲೆ ನೂಲನ್ನು ಮುಟ್ಟಿತ್ತು. ನೂಲು ನಡುವಿನಲ್ಲಿ ಕೆಳಕ್ಕೆ ಬಾಗಿತ್ತು.

ಆಗ ನನಗೆ ಎರಡು ದಾರಿ ಇದ್ದವು. ಉಗಿಯಂತ್ರದವನಿಗೆ ನಾನೇ ನಿಲ್ಲಿಸು ಎನ್ನುವುದು ಒಂದು. ಅವನು, ಇಂಜಿನೇರ್ರು ಏನಂದ್ರು ಎನ್ನುತ್ತಾನೆ. ಸಾವ್ಕಾರರನ್ನು ಕೇಳಿಕೊಂಡು ಬಾ ಎನ್ನುತ್ತಾನೆ. ಆ ಮಾತು ಮುಗಿಯುವುದರೊಳಗೆ ಏನಾಗುತ್ತದೋ. ಇನ್ನೊಂದು ದಾರಿ ಇಂಜಿನಿಯರು. ಅವನು ಬಾವಿಯ ಆಚೆ ಕುಲುಮೆಯ ಹತ್ತಿರ ತೂತು ಕೊರೆಸುತ್ತಾ ನಿಂತಿದ್ದ. ಅವನ ಹತ್ತಿರ ಹೋಗಿ, ನೀನು ಹೇಳು, ನಾನು ಹೇಳಿದರೆ ಕೇಳುವುದಿಲ್ಲ ಎನ್ನುವುದು. ಅಂಗಳ ದಾಟುವಷ್ಟೇ ದೂರ. ಆ ದೂರ ನಡೆಯುವುದು ಎಷ್ಟು ಕಷ್ಟವಾಯಿತೆಂಬುದನ್ನು ನಾನು ಯಾರಿಗೂ ಹೇಳಿಲ್ಲ.

ಹೇಳಿದೆ. ಅವನು ವಾದ ಮಾಡಲಿಲ್ಲ. "ನೆನೆದರೆ ಅಷ್ಟು ಹಿಡಿದುಕೊಳ್ಳುತ್ತದೆಯೇ?" ಎಂದ. ನನ್ನ ತೋಳಿನ ಮೇಲೆ ಒಣಗಿದ್ದ ಮಣ್ಣನ್ನು ಬೆರಳಿನಿಂದ ಉಜ್ಜಿ ನೋಡಿದ. ಓಡಿಬಂದು ನೂಲು ನೋಡಿದ. ಮೊದಲು ಅವನಿಗೆ ಹೊಳೆದದ್ದು ಆಳುಗಳನ್ನು ಹತ್ತಿಸಿ ಮಣ್ಣು ಎಳೆಸುವುದು. ಬೇಡ, ಒಬ್ಬ ಮನುಷ್ಯನ ಭಾರವೂ ಈಗ ಮೇಲೆ ಬೇಡ ಎಂದೆ. ಅದಕ್ಕೂ ಒಪ್ಪಿದ. ಯಂತ್ರದವನಿಗೆ ಕೈ ಎತ್ತಿ ಸನ್ನೆ ಮಾಡಿದ. ಅಷ್ಟೇ. ಉಗಿ ಹೊರಬಿಟ್ಟ ಸದ್ದಾಯಿತು, ಅಚ್ಚು ನಿಧಾನವಾಯಿತು, ಪಟ್ಟಿಗಳು ಸಡಿಲಾದವು. ಜಿನ್ನು ನಿಂತಿತು.

ಸದ್ದು ನಿಂತ ಮೇಲೆ ತೊಲೆಯ ಸದ್ದು ಕೇಳಿಸಿತು. ಒಣಗಿದ ಹುಣಸೆಕಾಯಿ ಮುರಿದಂತೆ, ಒಂದು, ಸ್ವಲ್ಪ ಹೊತ್ತಿಗೆ ಇನ್ನೊಂದು.

"ಹೊರಗೆ ಹೋಗಿ, ಎಲ್ಲರೂ ಹೊರಗೆ ಹೋಗಿ," ಎಂದು ನಾನು ಕೂಗಿದೆ. ಯಾರೂ ಏಳಲಿಲ್ಲ. ಪ್ರತಿಯೊಬ್ಬಳೂ ಬಿಡಿಸಿದ ಅರಳೆಯನ್ನು ತನ್ನ ಮಗ್ಗುಲಲ್ಲಿ ಬೇರೆ ರಾಶಿ ಮಾಡಿಕೊಂಡಿರುತ್ತಾಳೆ. ಸಂಜೆ ಅದನ್ನು ತೂಗಿ ಕೂಲಿ ಕೊಡುವುದು. ರಾಶಿ ಬಿಟ್ಟು ಎದ್ದವಳ ಅರಳೆ ಪಕ್ಕದವಳ ರಾಶಿಗೆ ಸೇರುತ್ತದೆ ಎಂಬುದು ಅವರ ಅನುಭವ. ಹೆಂಗಸರು ರಾಶಿಯ ಮೇಲೆ ಕೈಯೊಡ್ಡಿ ಕೂತರು.

"ರಾಶಿ ಬಿಟ್ಟು ಹೋದ್ರೆ ಸಂಜೀಕೆ ಯಾರಪ್ಪ ತೂಗೋರು?" ಎಂದಳು ಅಜ್ಜಿ. "ನಿನ್ನ ಉಡಿದಾರಕ್ಕೆ ಹೆದರ್ಕಂಡು ನಾವು ಉಪಾಸ ಬೀಳಾಣ?"

"ನಿಮ್ಮ ರಾಶಿಗೆ ನಾನು ಜವಾಬ್ದಾರಿ. ಏಳ್ರಿ."

ಯಾರೂ ಏಳಲಿಲ್ಲ. ಅವನು ನನ್ನ ಹಿಂದೆ ಬಂದು ನಿಂತ. ಅಜ್ಜಿಯನ್ನು ಹೆಸರು ಹಿಡಿದು ಕರೆದು, "ನಿಮ್ಮ ರಾಶಿಗೆ ನಾನು ಜವಾಬ್ದಾರಿ, ಅಜ್ಜಿ. ಏಳಿ" ಎಂದ. ನಾನು ಆಡಿದ ಮಾತೇ. ಅಜ್ಜಿ ಸೆರಗು ಕೊಡವಿ ಎದ್ದಳು. "ನಡೀರೇ, ಹೋಗಾಣ. ಇಂಜಿನೇರ್ರು ಹೇಳ್ತವ್ರೆ." ಇಡೀ ಸಾಲು ಎದ್ದು ಬಾಗಿಲಿಗೆ ಹೋಯಿತು.

ಇಲ್ಲಿಂದ ಮುಂದಿನದು ನನ್ನ ಕಣ್ಣ ಮುಂದೆ ಇವತ್ತಿಗೂ ನಡೆಯುತ್ತಲೇ ಇದೆ.

ಒಳಗೆ ಉಳಿದವರು ನಾವಿಬ್ಬರೇ. ನಾಲ್ಕನೆಯ ತೊಲೆ ತಾನೊಂದೇ ಬಿದ್ದರೆ ಜಿನ್ನು ಹೋದೀತು, ಅಷ್ಟೇ. ಅದು ಓರೆಯಾಗಿ ಬಿದ್ದು ಅಚ್ಚನ್ನು ಹೊತ್ತ ಕಂಬಗಳನ್ನು ತಳ್ಳಿದರೆ ಮುಂದಿನ ಅಂಕಣಗಳ ಗೋಡೆಯೂ ಬರುತ್ತದೆ ಎಂದು ಅವನು ಹೇಳಿದ. ಗೋಡೆಯ ಆಚೆ ಅಂಗಳದಲ್ಲಿ ಹೆಂಗಸರು, ಗಾಡಿಯವರು, ಎತ್ತುಗಳು. ಚೌಕಟ್ಟು ಎತ್ತಲು ತಂದಿದ್ದ ಒಂದು ದಪ್ಪ ಮರದ ಕಂಬ ಗೋಡೆಗೆ ಒರಗಿತ್ತು. ಅದನ್ನು ಅಚ್ಚಿನ ಕಡೆಯ ತುದಿಗೆ ಆಸರೆ ಕೊಟ್ಟರೆ ತೊಲೆ ನಡುವಿನಲ್ಲಿಯೇ ಮುರಿದು ನೆಟ್ಟಗೆ ಬೀಳುತ್ತದೆ. ಇಬ್ಬರೂ ಕಂಬ ಹೊತ್ತು ತಂದೆವು. ಅವನು ಬುಡ ಹಿಡಿದ, ನಾನು ಎತ್ತಿ ನಿಲ್ಲಿಸಿದೆ. ಕಂಬಕ್ಕೂ ತೊಲೆಗೂ ನಡುವೆ ಎರಡು ಬೆರಳು ಸಂದು ಉಳಿಯಿತು. ಏಣಿಯ ಮೇಲೆ ನಾನೇ ಹತ್ತಿದೆ. ಈ ಒಂದು ಕೆಲಸವನ್ನಾದರೂ ನಾನು ಮಾಡುತ್ತೇನೆಂಬ ಹಟ ಇತ್ತು. ಮರದ ಬೆಣೆಯನ್ನು ಸಂದಿಗೆ ಇಟ್ಟು ಸುತ್ತಿಗೆಯಿಂದ ಹೊಡೆದೆ. ಬೆಣೆ ಕಚ್ಚಿತು. ಇನ್ನೊಂದು ಇಟ್ಟು ಹೊಡೆದೆ.

"ಸಾಕು, ಇಳಿ," ಎಂದ ಅವನು.

ಇಳಿದೆ. ಇಳಿದು ಮೇಲೆ ನೋಡಿದೆ. ಬೆಣೆ ಸ್ವಲ್ಪ ಓರೆಯಾಗಿದೆ ಅನ್ನಿಸಿತು. ಅವನು ನೋಡಿದರೆ ಏನಂದುಕೊಂಡಾನು ಎಂಬ ಯೋಚನೆ ಬಂತು. ಜಂತೆಗಳಿಂದ ಮಣ್ಣು ಧಾರೆಧಾರೆಯಾಗಿ ಸುರಿಯುತ್ತಿತ್ತು, ನಾನು ಬೆಣೆ ನೋಡುತ್ತಾ ನಿಂತಿದ್ದೆ. ನೂಲು ಹರಿದದ್ದನ್ನು ಕಂಡೆ. ಅದರ ಎರಡು ತುದಿಗಳೂ ಗೋಡೆಗಳ ಕಡೆಗೆ ಹಾರಿದವು. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ನನ್ನ ಕೋಟಿನ ಕಾಲರು ಹಿಡಿದು ಎಳೆಯಿತು. ನಾನು ಹಿಂದಕ್ಕೆ ಬಿದ್ದೆ, ಆ ಕೈ ಬಿಡದೆ ನೆಲದ ಮೇಲೆ ಬಾಗಿಲವರೆಗೆ ಎಳೆದುಕೊಂಡು ಹೋಯಿತು. ತೊಲೆ ನಡುವಿನಲ್ಲಿ ಮುರಿದು ನೆಟ್ಟಗೆ ಕೆಳಗಿಳಿಯಿತು. ಅದರ ಹಿಂದೆ ಮೂರು ತಲೆಮಾರಿನ ಮಣ್ಣೆಲ್ಲ ಬಂತು. ನಾನು ನಿಂತಿದ್ದ ಜಾಗದಲ್ಲಿ ಎದೆಯೆತ್ತರದ ಮಣ್ಣು. ಅಜ್ಜಿಯ ಜಿನ್ನು ಅದರ ಕೆಳಗೆ. ಆಸರೆ ಕಂಬ ನಿಂತೇ ಇತ್ತು. ಬೆಣೆ ಓರೆಯಾಗಿರಲಿಲ್ಲ.

ಧೂಳು ಇಳಿಯುವ ಮುಂಚೆ ಸಾವ್ಕಾರರು ಬರಿಗಾಲಲ್ಲಿ ಓಡಿಬಂದರು. ಹೆಂಗಸರನ್ನು ನೋಡಿದರು, ಎಣಿಸಲು ಹೋಗಿ ತಪ್ಪಿ ಮತ್ತೆ ಎಣಿಸಿದರು. ಆಮೇಲೆ ಇಂಜಿನಿಯರನ ಎರಡೂ ಕೈ ಹಿಡಿದುಕೊಂಡರು.

ಅವನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅವನು ಸುಮ್ಮನಿರಲಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದ: "ನನ್ನ ಕೈ ಹಿಡಿಯಬೇಡಿ ಸಾವ್ಕಾರ್ರೆ. ಮಣ್ಣು ಅಲ್ಲಿ ಹಾಕಿಸಿದವನು ನಾನು. ಮಳೆಯ ಲೆಕ್ಕ ನಾನು ಹಿಡಿದಿರಲಿಲ್ಲ. ತೊಲೆ ಬೀಳುವುದನ್ನು ಕಂಡವನು ಇವನು, ನೂಲು ಕಟ್ಟಿದವನು ಇವನು. ನಾನು ಇವನು ಹೇಳಿದಂತೆ ಕೇಳಿದೆ, ಅಷ್ಟೇ."

ಈಗ ಎಲ್ಲರೂ ನನ್ನ ಕಡೆ ತಿರುಗುತ್ತಾರೆಂದು ನಾನು ಕಾದೆ. ಅಜ್ಜಿ ಕಣ್ಣೊರೆಸಿಕೊಂಡು ಅವನ ಕಡೆಗೇ ನೋಡುತ್ತಾ, "ನೋಡ್ರೇ, ಎಂಥ ದೊಡ್ಡ ಮನಸು. ತಪ್ಪನ್ನ ತನ್ನ ಮ್ಯಾಲೆ ಹಾಕ್ಕಂಡು ಇನ್ನೊಬ್ಬರಿಗೆ ಹೆಸರು ಕೊಡ್ತವ್ನೆ" ಎಂದಳು. ಮೇಸ್ತ್ರಿ ತಲೆಯಾಡಿಸಿದ. ಸಾವ್ಕಾರರು ಹಿಡಿದ ಕೈ ಬಿಡಲಿಲ್ಲ.

ಉಳಿದ ಅಂಕಣಗಳನ್ನು ನನ್ನ ಹಳೆಯ ಕ್ರಮದಲ್ಲಿಯೇ ಬಿಚ್ಚಿದೆವು. ಮಣ್ಣು ಅಂದಂದೇ ಹಿತ್ತಿಲಿಗೆ ಇಳಿಯಿತು. ಹಾಗೆ ಮಾಡಬೇಕೆಂದು ಅವನೇ ಅಪ್ಪಣೆ ಕೊಟ್ಟಿದ್ದರಿಂದ ಎಲ್ಲರೂ ಕೇಳಿದರು. ಮಳೆಗಾಲ ಹಿಡಿಯುವ ಮುಂಚೆ ಎಂಟೂ ಅಂಕಣಕ್ಕೆ ತಗಡು ಬಿತ್ತು. ಅವನಿಗೆ ಸರ್ಕಾರದ ಕೆಲಸದ ಹುಕುಂ ಬಂತು. ಟಾಂಗಾ ಹತ್ತುವಾಗ ನನ್ನ ಕೈ ಹಿಡಿದು, "ಅವತ್ತು ನೀನು ಬಂದು ಹೇಳದಿದ್ದರೆ" ಎಂದು ಅರ್ಧಕ್ಕೇ ನಿಲ್ಲಿಸಿದ. ನಾನು, "ಅವತ್ತು ನೀನು ಎಳೆಯದಿದ್ದರೆ" ಎನ್ನಬೇಕಾಗಿತ್ತು. ಅನ್ನಲಿಲ್ಲ. ಹೊತ್ತಾಯಿತು, ರೈಲು ತಪ್ಪೀತು ಎಂದೆ.

ಈಗಲೂ ಯಾವುದಾದರೂ ಮಾಳಿಗೆ ಮನೆಯಲ್ಲಿ ಊಟಕ್ಕೆ ಕೂತಾಗ ತಲೆಯ ಮೇಲಿಂದ ಒಂದು ಚಿಟಿಕೆ ಮಣ್ಣು ಎಲೆಗೆ ಉದುರಿದರೆ ನನ್ನ ಕೈ ನಿಲ್ಲುತ್ತದೆ. ಎಲ್ಲವೂ ಮೊದಲಿನಿಂದ ನಡೆಯುತ್ತದೆ: ಹುಣಸೆಕಾಯಿಯ ಸದ್ದು, ಬೆಣೆ, ಹಾರಿದ ನೂಲು. ಪ್ರತಿ ಸಲವೂ ನಾನು ಅದನ್ನು ಬೇರೆ ರೀತಿ ನಡೆಸಲು ನೋಡುತ್ತೇನೆ. ಬೆಣೆ ಹೊಡೆದು ಮೇಲೆ ನೋಡುತ್ತಾ ನಿಂತವನು ಅವನು, ಹಿಂದಿನಿಂದ ಬಂದು ಎಳೆದವನು ನಾನು. ಸುತ್ತಿಗೆಯವರೆಗೆ ಎಲ್ಲವೂ ನಾನು ಹೇಳಿದಂತೆ ನಡೆಯುತ್ತದೆ. ಕೊನೆಯಲ್ಲಿ ಕಾಲರು ಬಿಗಿಯುವುದು ಮಾತ್ರ ನನ್ನ ಕುತ್ತಿಗೆಯಲ್ಲಿಯೇ.